ನಾನೂರ ಹತ್ತನೇ ಮೀಟರು

ಹದಿನಾಲ್ಕು ಹಾಳೆಗಳಿಗೂ ಸಹಿ ಹಾಕಿ ಮುಗಿಸಿದ ಮೇಲೆ ಸಿದ್ಧಾರ್ಥನಿಗೆ ತನ್ನ ಸಹಿಯನ್ನು ನೋಡಿಯೇ ಒಂದು ಬಗೆಯ ಹೇಸಿಗೆಯಾಯಿತು. ಇಂಜಿನಿಯರಿಂಗ್ ಓದುವಾಗ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದು ಬರೆದು ರೂಢಿಸಿಕೊಂಡ ಸಹಿ ಅದು. ಕೊನೆಯ ಅಕ್ಷರದ ಬಾಲ ಎಡಕ್ಕೆ ಸುತ್ತಿ ಬಂದು ಇಡೀ ಹೆಸರಿನ ಕೆಳಗೆ ಗೆರೆಯಾಗಿ ಮಲಗುತ್ತಿತ್ತು. ಹಾಗೆ ಮಲಗಿಸುವುದನ್ನು ಕಲಿಯಲು ಒಂದಿಡೀ ಸೆಮಿಸ್ಟರ್ ಹಿಡಿದಿತ್ತೆಂಬುದು ಈಗ ನೆನಪಾಗಿ ಕಿವಿ ಬಿಸಿಯಾಯಿತು. ತಿ. ನರಸೀಪುರದ ಆ ಕಚೇರಿಯ ಕಿಟಕಿಯಿಂದ ಬೆಳಗಿನ ಬಿಸಿಲು ಮೇಜಿನ ಅರ್ಧದವರೆಗೆ ಬಂದು ನಿಂತಿತ್ತು. ಜುಲೈ ಕೊನೆಯ ವಾರ. ತಿಂಗಳಿಂದ ಹನಿ ಬಿದ್ದಿರಲಿಲ್ಲ. ಗುಮಾಸ್ತ ಕಾಂತರಾಜು ಒಂದೊಂದೇ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು 'ದೃಢೀಕೃತ ನಕಲು' ಎಂಬ ಮೊಹರನ್ನು ಊದಿ ಊದಿ ಒತ್ತುತ್ತಿದ್ದ. ಹನ್ನೊಂದನೆಯ ಹಾಳೆ ಬಂದಾಗ ಅವನ ಕೈ ಒಂದು ಗಳಿಗೆ ತಡೆಯಿತು.

"ಮಾಹಿತಿ ಹಕ್ಕಲ್ಲಿ ಕೇಳಿರೋರು ನಿಮ್ಮೂರೋರೇ ಅಲ್ವಾ ಸಾ. ರೋಜಾ ಅಂತ. ಅಂಗನವಾಡಿ ಟೀಚರು."

ನಮ್ಮಕ್ಕ ಅನ್ನಬೇಕಿತ್ತು. "ಹೂಂ, ನಮ್ಮೂರೋರೆ" ಅಂದ.

"ಇದನ್ನ ನೋಡುದ್ರಾ ಸಾ?" ಕಾಂತರಾಜು ಹನ್ನೊಂದನೆಯ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. "ನೀವು ಹೂಂ ಅಂದ್ರೆ, ಕಡತ ಸಿಕ್ತಾ ಇಲ್ಲ ಅಂತ ಒಂದ್ ಹಿಂಬರಹ ಕೊಟ್‌ಬುಡಾನ. ಇಲ್ಲಿ ಎಷ್ಟು ಕಡತ ಸಿಗಾಕಿಲ್ಲ."

ಅವನ ದನಿಯಲ್ಲಿ ಕೆಡುಕಿರಲಿಲ್ಲ. ನೆಗಡಿಯಾದವನಿಗೆ ಕಷಾಯ ಹೇಳಿದಂತೆ ಹೇಳಿದ್ದ. ಅದಕ್ಕೇ ಸಿದ್ಧಾರ್ಥನಿಗೆ ಸಿಟ್ಟು ಬಂತು. ತನ್ನ ಒಳಗೆ ಎರಡು ದಿನದಿಂದ ಹೆಸರಿಲ್ಲದೆ ಸುಳಿಯುತ್ತಿದ್ದುದನ್ನು ಈ ಮನುಷ್ಯ ಮೊಹರು ಒತ್ತುತ್ತ ಒತ್ತುತ್ತ ಬಾಯಿಬಿಟ್ಟು ಹೇಳಿಬಿಟ್ಟನಲ್ಲ. "ಲಕೋಟೆಗೆ ಹಾಕಿ. ನಾನೇ ಆ ಕಡೆ ಹೋಗೋನಿದೀನಿ, ಕೊಡ್ತೀನಿ" ಅಂದ. ಹೋಗುವುದು ನಿಜವೇ ಆಗಿತ್ತು. ವಯನಾಡಿನಲ್ಲಿ ನಾಲ್ಕು ದಿನದಿಂದ ಮಳೆ ಹುಯ್ಯುತ್ತಿತ್ತು. ಕಬಿನಿ ಅಣೆಕಟ್ಟಿನಿಂದ ಹೊರಬಿಡುವ ನೀರನ್ನು ರಾತ್ರಿಯೇ ಹೆಚ್ಚಿಸಿದ್ದಾರೆಂದೂ ದಂಡೆಯ ಹಳ್ಳಿಗಳನ್ನು ನೋಡಿಕೊಂಡು ಬಂದು ವರದಿ ಕೊಡಬೇಕೆಂದೂ ಬೆಳಿಗ್ಗೆ ಏಳಕ್ಕೇ ಮೊಬೈಲಿಗೆ ಸಂದೇಶ ಬಂದಿತ್ತು. ಅವನ ಪಾಲಿಗೆ ಬಂದ ಹಳ್ಳಿಗಳಲ್ಲಿ ತೊರೆಹುಂಡಿಯೂ ಒಂದು. ಅವನು ಹುಟ್ಟಿದ ಊರು. ಅವನು ಗೋಡೆ ಕಟ್ಟಿಸಿದ ಊರು.

ನಂಜನಗೂಡಿನ ರಸ್ತೆಯಲ್ಲಿ ಬೈಕು ಓಡುತ್ತಿತ್ತು. ಎಡಬಲದ ಹೊಲಗಳಲ್ಲಿ ರಾಗಿ ಪೈರು ಗೇಣುದ್ದಕ್ಕೆ ಎದ್ದು ಅಲ್ಲಿಗೇ ನಿಂತು ಹಳದಿಯಾಗಿತ್ತು. ಟ್ಯಾಂಕರೊಂದು ಎದುರಿಗೆ ಬಂದು, ರಸ್ತೆಯುದ್ದಕ್ಕೂ ನೀರು ಸೋರಿಸುತ್ತ, ಧೂಳೆಬ್ಬಿಸಿ ಹೋಯಿತು. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿಗೆ ಪ್ರವಾಹ ತಡೆಯುವ ಗೋಡೆ ಯಾಕೆ ಎಂದು ಮೈಸೂರಿನ ಸಭೆಯೊಂದರಲ್ಲಿ ಯಾರೋ ಕೇಳಿದ್ದರು, ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ. ನಗದೆ ಎದ್ದು ನಿಂತು ಹೇಳಬಹುದಿತ್ತು, ನಮ್ಮೂರಿನ ನೆರೆ ನಮ್ಮೂರಿನ ಮಳೆಯದಲ್ಲ ಸಾರ್, ಬೇರೆಯವರ ಆಕಾಶದ್ದು, ನೆತ್ತಿ ಸುಡುವ ಬಿಸಿಲಲ್ಲಿ ಸದ್ದಿಲ್ಲದೆ ಬಂದು ಹೊಸಿಲು ಹತ್ತುತ್ತೆ, ಅಂತ. ಐದು ವರ್ಷದ ಹಿಂದೆ ಹಾಗೇ ಬಂದಿತ್ತು. ಆಗ ಅವನು ಕೆಲಸಕ್ಕೆ ಹೊಸದಾಗಿ ಸೇರಿ ಹಾಸನದ ಕಡೆ ಇದ್ದ. ಅಕ್ಕ ಫೋನಿನಲ್ಲಿ ಹೇಳಿದ್ದಳು: "ಮಾರ್ಕ್ಸ್ ಕಾರ್ಡ್ ಎಲ್ಲಾ ಆಚೆಗೆ ತಂದಿವ್ನಿ ಕಣೋ, ಒಂದೂ ನೆಂದಿಲ್ಲ." ಸೊಂಟದ ಮಟ್ಟದ ನೀರಲ್ಲಿ ಅವಳು ಮೊದಲು ಹೊತ್ತು ತಂದದ್ದು ಅವನ ಪ್ಲಾಸ್ಟಿಕ್ ಫೈಲನ್ನು. ಅವಳ ಹೊಲಿಗೆ ಯಂತ್ರ ಮೂರು ದಿನ ನೀರಲ್ಲಿತ್ತು. ಅದನ್ನು ಅವಳು ಹೇಳಿರಲಿಲ್ಲ. ಹೋದಾಗ ಅವನೇ ನೋಡಿದ್ದ, ಚಕ್ರ ತಿರುಗಿಸಿದ್ದ, ಒಳಗಿಂದ ಮರಳು ಕಿರ್ರೆಂದಿತ್ತು.

ಆ ನೆರೆಯ ಮೇಲೆಯೇ ಗೋಡೆಯ ಮಾತು ಬಂದದ್ದು. ವರ್ಗವಾಗಿ ಇಲ್ಲಿಗೆ ಬಂದ ಸಿದ್ಧಾರ್ಥ ತಾನೇ ಅಳೆದು, ತಾನೇ ನಕ್ಷೆ ಬರೆದು, ಏಳುನೂರ ಎಂಬತ್ತು ಮೀಟರಿನ ಅಂದಾಜು ಸಿದ್ಧಪಡಿಸಿದ್ದ. ಮೇಲಿನ ಬೀದಿಯವರು ಹೊಳೆಗಿಳಿಯುವ ಸೋಪಾನದ ಹತ್ತಿರ ಸೊನ್ನೆ; ಕೆಳಗಿನ ಬೀದಿ ದಾಟಿ, ಅಕ್ಕನ ಅಂಗನವಾಡಿ ದಾಟಿ, ಹಳ್ಳ ಬಂದು ಸೇರುವಲ್ಲಿ ಕೊನೆ. ಅನುದಾನ ಅರ್ಧದಷ್ಟೇ ಮಂಜೂರಾಗಿ ಬಂತು. ಮೇಲಧಿಕಾರಿ ನಟರಾಜ್ ಕಡತವನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿ, "ಎಲ್ಲಿ ಕಡಿಮೆ ಮಾಡ್ತೀರೋ ನೀವೇ ನೋಡ್ಕೊಳ್ಳಿ ಸಿದ್ಧಾರ್ಥ. ನಿಮ್ಮೂರೇ ಅಲ್ವಾ" ಅಂದಿದ್ದರು. ಅಂದು ನಕ್ಕಿದ್ದರು. ಅದು ಬರೀ ನಗುವೇ ಇದ್ದಿರಬಹುದು. ಆದರೆ ಆ ನಗುವನ್ನು ಅವನು ಮನೆಗೆ ಹೊತ್ತುಕೊಂಡು ಹೋದ, ಊಟಕ್ಕೆ ಕೂತಾಗ ನೋಡಿದ, ಹಲ್ಲುಜ್ಜುವಾಗ ನೋಡಿದ. ನೀರು ಮೊದಲು ನುಗ್ಗುವುದು ಕೆಳಗಿನ ಬೀದಿಗೆ. ಗೋಡೆ ಎಷ್ಟೇ ಇರಲಿ ಅಲ್ಲಿಂದಲೇ ಶುರುವಾಗಬೇಕು. ಇದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಹಾಗೆ ಬರೆದರೆ, 'ನೋಡ್ರಪ್ಪ, ತನ್ನೋರ ಬೀದಿಗೆ ಕಟ್ಟಿಸ್ಕೊಂಡ' ಅನ್ನುತ್ತಾರೆ. ಅಂದವರು ಯಾರೂ ಇರಲಿಲ್ಲ. ಮೇಲಿನ ಬೀದಿಯ ಸೋಮಶೇಖರ್ ಬಂದು ಒತ್ತಾಯ ಮಾಡಬಹುದೆಂದು ಅವನು ಉತ್ತರಗಳನ್ನು ಸಿದ್ಧಮಾಡಿಕೊಂಡು ಒಂದು ವಾರ ಕಾದ. ಯಾರೂ ಬರಲಿಲ್ಲ, ಯಾರೂ ಫೋನು ಮಾಡಲಿಲ್ಲ. ಎಂಟನೆಯ ದಿನ, ಯಾರೂ ಕೇಳದೆ, ಅವನು ನಾನೂರ ಹತ್ತನೇ ಮೀಟರಿನ ಬೇವಿನ ಮರದ ಹತ್ತಿರ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದ. ಕಾರಣ ಬರೆಯುವ ಕಾಲಮಿನಲ್ಲಿ ಒಂದು ವಾಕ್ಯ ಬರೆದ. ಬರೆದಾಗ ಎಂಥ ಹಗುರವಾಗಿತ್ತು ಮನಸ್ಸು, ತಾನೆಷ್ಟು ನಿಷ್ಪಕ್ಷಪಾತಿ ಎಂದು ಎದೆ ತುಂಬಿತ್ತು. ಆ ಎದೆ ತುಂಬಿದ್ದನ್ನೇ ಈಗ ನೆನೆಯಲಾರದೆ ಅವನು ಬೈಕಿನ ವೇಗ ಹೆಚ್ಚಿಸಿದ.

ಊರಿಗೆ ಎರಡು ಕಿಲೋಮೀಟರು ಇರುವಾಗ ಹುಣಿಸೆಮರದ ಕೆಳಗೆ ಬೈಕು ನಿಲ್ಲಿಸಿದ. ಮೂತ್ರಕ್ಕೆ ನಿಲ್ಲಿಸಿದೆ ಎಂದುಕೊಂಡ. ಲಕೋಟೆ ಬಿಚ್ಚಿದ. ಗೋಂದು ಇನ್ನೂ ಹಸಿಯಿತ್ತು, ಸಲೀಸಾಗಿ ತೆರೆದುಕೊಂಡಿತು. ಹನ್ನೊಂದನೆಯ ಹಾಳೆಯನ್ನು ತೆಗೆದು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟ. ಆಮೇಲೆ ತೆಗೆದ. ಆಮೇಲೆ ಮತ್ತೆ ಇಟ್ಟ. ಕುರಿ ಮೇಯಿಸುವ ಹೆಂಗಸೊಬ್ಬಳು ದೂರದಿಂದ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಕಾಣಲೆಂದು ಅವನು ಗಡಿಯಾರ ನೋಡಿಕೊಂಡ. ಗೋಡೆ ಮೊಟಕಾದ ಸುದ್ದಿ ಊರಿಗೆ ತಿಳಿದ ದಿನ ಅಕ್ಕ ಅವನಿಗೆ ಅನ್ನ ಬಡಿಸುತ್ತ, "ಮೇಲಿನ ಬೀದಿಯೋರೇ ತಾನೇ ಕತ್ತರ್ಸಿದ್ದು? ನೀನು ಪೂರ್ತಿ ಬರ್ದಿದ್ದೆ ತಾನೇ?" ಎಂದು ಕೇಳಿದ್ದಳು. ಅವನ ಬಾಯಲ್ಲಿ ತುತ್ತಿತ್ತು. ಅವನು ತಲೆಯಾಡಿಸಿದ್ದ. ಅಷ್ಟೇ. ಸುಳ್ಳು ಹೇಳಿರಲಿಲ್ಲ, ತಲೆಯಾಡಿಸಿದ್ದ. ಆ ತಲೆಯಾಟವನ್ನು ಅಕ್ಕ ಬೀದಿಗೆಲ್ಲ ಹಂಚಿದ್ದಳು. ನನ್ ತಮ್ಮ ಪೂರ್ತಿ ಬರ್ದಿದ್ದ, ಅವನ್ ಕೈ ಕಟ್ಟಾಕುದ್ರು. ಅದನ್ನು ರುಜುವಾತು ಮಾಡಲೆಂದೇ ಅರ್ಜಿ ಹಾಕಿದ್ದಳು. ತಮ್ಮನ ಮೇಲಿನ ನಂಬಿಕೆಯಿಂದ ಹಾಕಿದ ಅರ್ಜಿ.

ಊರ ಬಾಗಿಲಲ್ಲಿ ಪಂಚಾಯಿತಿಯ ಆಟೋ ಮೈಕಿನಲ್ಲಿ ಕೂಗುತ್ತಿತ್ತು. ದಂಡೆಯ ಮೇಲಿನ ಮನೆಯವರು ಹೈಸ್ಕೂಲಿನ ಕಾಳಜಿ ಕೇಂದ್ರಕ್ಕೆ ಹೋಗಬೇಕಂತೆ. ಕೇಳುವುದಕ್ಕೆ ಬೀದಿಯಲ್ಲಿ ಜನವೇ ಇರಲಿಲ್ಲ. ಹೋಗಬೇಕಾದವರು ಆಗಲೇ ಹೋಗಿದ್ದರು. ಮೇಲಿನ ಬೀದಿಯ ಗೋಡೆಯ ಮೇಲೆ ಹತ್ತಾರು ಮಂದಿ ಕಾಲು ಇಳಿಬಿಟ್ಟು ಕೂತು ನೀರು ನೋಡುತ್ತಿದ್ದರು. ಮೊಬೈಲಿನಲ್ಲಿ ಹಿಡಿಯುತ್ತಿದ್ದರು. ಗೋಡೆಯ ಒಂದು ಬದಿಗೆ ಯಾರದೋ ಹಪ್ಪಳ ಒಣಗುತ್ತಿತ್ತು. ಸೋಮಶೇಖರ್ ಬಿಳಿ ಪಂಚೆ ಎತ್ತಿ ಕಟ್ಟಿ ಅವರ ನಡುವೆ ನಿಂತಿದ್ದವನು ಇವನನ್ನು ಕಂಡು ಇಳಿದು ಬಂದ. ಹಿಂದೆ ಪಂಚಾಯಿತಿ ಅಧ್ಯಕ್ಷನಾಗಿದ್ದ, ಬಾಳೆಮಂಡಿಯ ಒಡೆಯ, ಮಾತಿನಲ್ಲಿ ಒಂದು ಕಲ್ಲೂ ಇಲ್ಲದ ಮನುಷ್ಯ. ಗೋಡೆ ಮುಗಿದ ದಿನ ಇವನನ್ನು ಮನೆಗೆ ಕರೆದು ಜಗಲಿ ದಾಟಿಸಿ ನಡುಮನೆಯ ಸೋಫಾದಲ್ಲಿ ಕೂರಿಸಿದ್ದ. ಕಾಫಿ ಕಾಗದದ ಲೋಟದಲ್ಲಿ ಬಂತು. ಎಲ್ಲರಿಗೂ ಕಾಗದದ ಲೋಟವೇ, ಮನೆಯ ಯಜಮಾನನಿಗೂ. ಅಡುಗೆಮನೆಯ ಗೂಡಿನಲ್ಲಿ ಬೆಳ್ಳಗೆ ತೊಳೆದಿಟ್ಟ ಸ್ಟೀಲ್ ಲೋಟಗಳ ಸಾಲು ಸೋಫಾದಿಂದಲೇ ಕಾಣುತ್ತಿತ್ತು. ಯಾರೂ ಯಾವ ತಪ್ಪನ್ನೂ ಎತ್ತಿ ತೋರಿಸಲು ಬರದಂತೆ ಮಾಡಿದ್ದರು. ಅವನು ಆ ಜಾಣ್ಮೆಯನ್ನು ಮೆಚ್ಚುತ್ತಲೇ ಕುಡಿದಿದ್ದ. ತಾನು ಎಳೆದ ಅಡ್ಡಗೆರೆಯೂ ಆ ಜಾತಿಯ ಜಾಣ್ಮೆಯದೇ ಎಂದು ಆಗ ಹೊಳೆದಿರಲಿಲ್ಲ.

"ನೋಡಿ ಸಾರ್, ಒಂದು ತೊಟ್ಟು ಒಳಗ್ ಬಂದಿಲ್ಲ" ಅಂದ ಸೋಮಶೇಖರ್. "ನಾವು ಕೇಳ್ದೇನೇ ಮಾಡ್ಕೊಟ್ಟದ್ದು ನೀವು. ಮರೆಯಕ್ಕಾಯ್ತದಾ."

ಸಿದ್ಧಾರ್ಥ ಗೋಡೆಯ ಮೇಲೆಯೇ ನಡೆದ. ಎಡಕ್ಕೆ ಕಬಿನಿ ಕೆಂಪಗೆ, ದಪ್ಪಗೆ, ಬಿಸಿಲಲ್ಲಿ ಹೊಳೆಯುತ್ತ ಹೋಗುತ್ತಿತ್ತು. ಬಲಕ್ಕೆ ಒಣಗಿದ ಬೀದಿ, ಧೂಳಲ್ಲಿ ಮಲಗಿದ ನಾಯಿ. ಬೇವಿನ ಮರದ ಹತ್ತಿರ ಗೋಡೆ ಮುಗಿಯಿತು. ಅಲ್ಲಿ ಅವನು ನಿಂತು ನೋಡಿದ. ನಾನೂರ ಹತ್ತು ಮೀಟರಿನುದ್ದಕ್ಕೂ ಒಳನುಗ್ಗಲಾಗದೆ ಒತ್ತಿಕೊಂಡು ಬಂದ ನೀರು ಗೋಡೆಯ ತುದಿ ಸಿಕ್ಕೊಡನೆ ಬಲಕ್ಕೆ ಹೊರಳಿ, ಸಣ್ಣದೊಂದು ಸುಳಿ ಸುತ್ತಿ, ಕೆಳಗಿನ ಬೀದಿಯೊಳಗೆ ನಡೆದು ಹೋಗುತ್ತಿತ್ತು. ಹಿಂದಿನ ನೆರೆಯಲ್ಲಿ ಸೊಂಟದ ಮಟ್ಟವಿದ್ದದ್ದು ಈಗ ಮನೆಗಳ ಕಿಟಕಿಯ ಅರ್ಧಕ್ಕೆ ಏರಿತ್ತು. ಇದನ್ನು ಅವನು ಲೆಕ್ಕ ಹಾಕಬಹುದಿತ್ತು. ಹಾಕಿರಲಿಲ್ಲ ಎಂದೇನಲ್ಲ, ಒಂದು ಸಂಜೆ ಪೆನ್ಸಿಲಿನಲ್ಲಿ ಹಾಕಿ, ಉತ್ತರ ಬರುವ ಮೊದಲೇ ರಬ್ಬರಿನಲ್ಲಿ ಅಳಿಸಿದ್ದ. ಅಂಗನವಾಡಿಯ ಗೋಡೆಯ ಮೇಲೆ ಅಕ್ಕ ಬರೆಸಿದ್ದ ಅ ಅರಸ, ಆ ಆನೆ ಚಿತ್ರಗಳಲ್ಲಿ ಮೇಲಿನ ಸಾಲು ಮಾತ್ರ ನೀರಿನ ಮೇಲಿತ್ತು. ಒಂದು ಕೋಳಿ ಶೀಟಿನ ಚಾವಣಿಯ ಮೇಲೆ ಸುಡುತ್ತಿರುವ ಕಾಲುಗಳನ್ನು ಒಂದಾದ ಮೇಲೊಂದು ಎತ್ತಿ ಇಳಿಸುತ್ತಿತ್ತು. ಅವನು ಮೊಬೈಲು ತೆಗೆದು ಫೋಟೋ ಹಿಡಿದ, ವರದಿಗೆ ಬೇಕಾಗುತ್ತದೆ.

ಹೈಸ್ಕೂಲಿನ ಎರಡು ಕೊಠಡಿಗಳಲ್ಲಿ ಕೆಳಗಿನ ಬೀದಿಯ ಅಷ್ಟೂ ಮಂದಿ ಇದ್ದರು. ಮೂಟೆ, ಗ್ಯಾಸ್ ಸಿಲಿಂಡರ್, ಟಿವಿ, ಒದ್ದೆ ಹಾಸಿಗೆ. ಬೆಂಚುಗಳ ಮೇಲೆ ಹರಡಿದ ರೇಷನ್ ಅಕ್ಕಿ. ಕಿಟಕಿಯ ಸರಳಿಗೆ ಯಾರೋ ಒಂದು ಮೇಕೆ ಕಟ್ಟಿದ್ದರು. ಬೀದಿಯ ಹಿರಿಯ ಪುಟ್ಟಬಸವಯ್ಯ ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದವನು, "ಬಾ ಮಗ ಸಿದ್ದ. ಬಂದ್ಯಾ. ಕೂತ್ಕೊ" ಎಂದು ಪಕ್ಕದ ಚಾಪೆ ತಟ್ಟಿದ. ಅಕ್ಕ ರೋಜಾ ಮಕ್ಕಳ ಹಾಜರಿ ಪುಸ್ತಕಗಳನ್ನು ಬಿಸಿಲಿಗೆ ಹರಡುತ್ತಿದ್ದಳು. ಸೀರೆಯ ಅಂಚು ಮೊಣಕಾಲವರೆಗೆ ಕೆಸರಾಗಿತ್ತು. ಅವನನ್ನು ಕಂಡು ಮುಖ ಅರಳಿತು, ಅದು ಅರಳಿದ್ದಕ್ಕೇ ಅವನಿಗೆ ನೋವಾಯಿತು.

"ಊಟ ಮಾಡ್ದೇನ್ಲಾ? ಬೆಳಗಿಂದ ಏನಾರ ತಿಂದಿದೀಯ?" ಅಂದಳು. ಆಮೇಲೆ ಅವನ ಕೈಯ ಲಕೋಟೆ ನೋಡಿದಳು. "ಬಂತಾ ಅದು? ಆಪೀಸಿಂದ?"

ಕೊಡದೆ ಇರಬಹುದಿತ್ತು. ಇನ್ನೊಂದು ದಿನ ಅನ್ನಬಹುದಿತ್ತು, ಇಂಥ ದಿನ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವನು ಕೊಟ್ಟ. ಕೊಡುವಾಗ ಅವನಿಗೆ ತನ್ನ ಮೇಲೆಯೇ ಒಂದು ಬಗೆಯ ಮೆಚ್ಚುಗೆ ಸುಳಿದು ಹೋಯಿತು, ಹದಿನಾಲ್ಕರಲ್ಲಿ ಹದಿಮೂರು ಕೊಡುತ್ತಿದ್ದೇನಲ್ಲ ಎಂದು. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ನಿಂತಲ್ಲೇ ಹಾಳೆ ತಿರುವತೊಡಗಿದಳು. ನಾಲ್ಕಾರು ಹೆಂಗಸರು ಸುತ್ತ ಬಂದು ನಿಂತರು. ಇಪ್ಪತ್ತು ವರ್ಷ ಹಾಜರಿ, ತೂಕ, ಮೊಟ್ಟೆ, ಹಾಲಿನಪುಡಿ ಎಂದು ಪುಸ್ತಕ ಬರೆದವಳು ಅವಳು. ಒಂದು ಸಾಲು ಬಿಟ್ಟುಹೋಗಿದ್ದರೆ ಮೇಲ್ವಿಚಾರಕಿ ಬರುವ ಮೊದಲೇ ಅವಳ ಕಣ್ಣಿಗೆ ಬೀಳುತ್ತಿತ್ತು. ಸಿದ್ಧಾರ್ಥ ಮೇಕೆಯ ಕಡೆ ನೋಡುತ್ತ ನಿಂತ.

"ಹತ್ತು ಆದ್ಮೇಲೆ ಹನ್ನೆರಡು ಅದೆ" ಅಂದಳು ರೋಜಾ.

"ಯಾವ್ದು?"

"ಪುಟ. ಹನ್ನೊಂದು ಇಲ್ಲ. ಹದಿನಾಲ್ಕು ಪುಟ ಅಂತ ಮೇಲ್ಗಡೆ ಬರ್ದವ್ರೆ." ಅವಳು ತಲೆಯೆತ್ತಿದಳು. "ಅವ್ರು ಬೇಕಂತ್ಲೇ ತಗ್ದಿರ್ತಾರೆ ಕಣೋ. ನಿಂಗೆ ಗೊತ್ತಾಗ್ದಂಗೆ. ಅದ್ರಾಗೇ ಇರ್ತದೆ ಯಾರು ಕತ್ತರ್ಸಿದ್ದು ಅಂತ."

ಆ 'ಅವ್ರು' ಎಂಬ ಪದದಲ್ಲಿ ಅವನಿಗಾಗಿ ತೆರೆದಿಟ್ಟ ಬಾಗಿಲೊಂದಿತ್ತು. ಹೌದಕ್ಕ, ಅವ್ರು, ನಾಳೆ ಕೇಳ್ತೀನಿ ಎಂದು ಹೇಳಿ ಅದರೊಳಗಿಂದ ಹೋಗಿಬಿಡಬಹುದಿತ್ತು. ಕಾಂತರಾಜುವಿಗೆ ಹೇಳಿದರೆ ಅಸಲು ಹಾಳೆಯೂ ಕಡತದಿಂದ ಮಾಯವಾಗುತ್ತಿತ್ತು. ಆದರೆ ಅವಳು ಎಷ್ಟು ಸಲೀಸಾಗಿ ಅವನ ತಪ್ಪನ್ನು ಇನ್ನೊಬ್ಬರಿಗೆ ದಾಟಿಸಿಬಿಟ್ಟಳೆಂದರೆ, ಆ ನಂಬಿಕೆಯ ಭಾರ ಅವನಿಂದ ಹೊರಲಾಗಲಿಲ್ಲ. ಧೈರ್ಯದಿಂದಲ್ಲ, ಇನ್ನು ತಡೆಯಲಾರದೆ, ವಾಂತಿ ಬಂದವನು ಹೊರಗೆ ಓಡುವಂತೆ, ಅವನು ಜೇಬಿಗೆ ಕೈಹಾಕಿ ಮಡಚಿದ ಹಾಳೆಯನ್ನು ತೆಗೆದು ಕೊಟ್ಟ.

ಅವಳು ಮೊದಲು ಹಾಳೆಯನ್ನು ನೋಡಲಿಲ್ಲ, ಅವನ ಜೇಬನ್ನು ನೋಡಿದಳು. ಆಮೇಲೆ ಮಡಿಕೆ ಬಿಡಿಸಿ ಓದಿದಳು. ತುಟಿ ಅಲ್ಲಾಡುತ್ತಿತ್ತು. ಸಹಿಯವರೆಗೆ ಹೋಗಿ ಮತ್ತೆ ಮೇಲಿಂದ ಓದಿದಳು. ಅವನ ಕೈಬರಹವನ್ನು ತಿದ್ದಿಸಿದವಳು ಅವಳೇ. ಯಾರ ಬರಹವೆಂದು ಕೇಳಬೇಕಾಗಿರಲಿಲ್ಲ.

"ಏನಂತವ್ವ?" ಎಂದು ಪುಟ್ಟಬಸವಯ್ಯ ಕೂತಲ್ಲಿಂದಲೇ ಕೇಳಿದ. "ಯಾರಂತೆ?"

ರೋಜಾ ಹಾಳೆಯನ್ನು ತಮ್ಮನ ಕಡೆ ಚಾಚಿದಳು. "ಓದಿ ಸಾ" ಅಂದಳು.

ಮೊದಲಿಗೆ ಅವನಿಗೆ ಅದು ತನಗೆ ಹೇಳಿದ್ದೆಂದು ತಿಳಿಯಲಿಲ್ಲ. ಹಿಂದೆ ಯಾರಾದರೂ ಬಂದರೇನೋ ಎಂದು ಅರೆಕ್ಷಣ ತಿರುಗಿದ. ಹಿಂದೆ ಗೋಡೆಯಿತ್ತು. ಕೊಠಡಿಯೊಳಗಿನ ಮಾತುಗಳು ಒಂದೊಂದಾಗಿ ನಿಂತವು. ಅವನು ಓದಿದ. ದನಿ ಕಚೇರಿಯಲ್ಲಿ ಓದುವಂತೆಯೇ ಹೊರಟಿತು: "ನಾನೂರ ಹತ್ತನೇ ಮೀಟರಿನಿಂದ ಏಳುನೂರ ಎಂಬತ್ತನೇ ಮೀಟರಿನವರೆಗಿನ ಭಾಗದಲ್ಲಿ ಗಣನೀಯ ಸ್ವತ್ತುಗಳು ಕಂಡುಬರದ ಕಾರಣ, ಲಭ್ಯ ಅನುದಾನದ ಮಿತಿಯಲ್ಲಿ ಸದರಿ ಭಾಗವನ್ನು ಕೈಬಿಡಬಹುದಾಗಿದೆ." ಆಮೇಲೆ ತನ್ನ ಹೆಸರನ್ನೂ ಹುದ್ದೆಯನ್ನೂ ಓದಿದ.

"ಅಂಗಂದ್ರೆ ಏನ್ ಮಗ?" ಅಂದ ಪುಟ್ಟಬಸವಯ್ಯ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. "ನಮ್ ಬಾಸೇಲಿ ಯೋಳು."

ಅವನು ಬಾಯಿ ತೆರೆದ. ಆ ವಾಕ್ಯವನ್ನು ಕಚೇರಿಯ ಕನ್ನಡದಲ್ಲಿ ಬರೆಯುವಾಗ ಅದು ಎಷ್ಟು ಸಭ್ಯವಾಗಿತ್ತು. ಯಾರನ್ನೂ ಮುಟ್ಟದೆ, ಯಾರ ಮನೆಯ ಬಾಗಿಲನ್ನೂ ತಟ್ಟದೆ ಹಾದುಹೋಗಿತ್ತು. ಈಗ ಅದನ್ನು ಅವ್ವ ಬೈಯುತ್ತಿದ್ದ, ಅಕ್ಕ ಲಾಲಿ ಹಾಡುತ್ತಿದ್ದ ಮಾತಿನಲ್ಲಿ ಹೇಳಬೇಕಾಗಿತ್ತು. ಹೇಳದೆ ಬೇರೆ ದಾರಿಯಿರಲಿಲ್ಲ, ಎಲ್ಲರೂ ಕಾಯುತ್ತಿದ್ದರು.

"ಕೆಳ್ಗಲ ಬೀದೀಲಿ… ನೀರ್ ಪಾಲಾದ್ರೆ ಅಯ್ಯೋ ಅನ್ನಂಗೆ… ಅಂತಾದ್ದೇನೂ ಇಲ್ಲ, ಅಂತ" ಅಂದ. ಹಾಳೆ ಕೆಳಗಿಳಿಸಿ, "ನಾನೇ ಬರ್ದಿದ್ದು ತಾತ" ಅಂದ.

ಬೈಗುಳಕ್ಕೆ ಅವನು ಸಿದ್ಧನಾಗಿದ್ದ; ಬೇಕು ಎಂದೇ ಆಸೆಪಟ್ಟಿದ್ದ. ಯಾರಾದರೂ ಎದ್ದು ಕೊರಳಪಟ್ಟಿ ಹಿಡಿದಿದ್ದರೆ ತನ್ನ ಕಾರಣಗಳನ್ನು ಹೇಳಿಕೊಳ್ಳಬಹುದಿತ್ತು. ನಟರಾಜರ ನಗು, ಜನರ ಬಾಯಿ, ತನ್ನ ಹೆದರಿಕೆ. ಪುಟ್ಟಬಸವಯ್ಯ ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡ. ಆಮೇಲೆ ಮೆಲ್ಲಗೆ ತಲೆದೂಗಿದ.

"ದಿಟವೇ ಅಲ್ವಾ" ಅಂದ. "ಇದ್ದದ್ನೇ ಬರ್ದವ್ರೆ. ಏನಿತ್ತು ಅಲ್ಲಿ, ನಾವ್ ಬುಟ್ರೆ."

ಹೆಂಗಸೊಬ್ಬಳು ಮಗುವಿನ ಮೂಗು ಒರೆಸಿದಳು. ಇನ್ನೊಬ್ಬಳು ಅಕ್ಕಿಯನ್ನು ಕೈಯಲ್ಲಿ ಹರಡುವುದಕ್ಕೆ ಮತ್ತೆ ತೊಡಗಿದಳು. ಮಾತು ಮೊದಲಿನಂತೆಯೇ ಶುರುವಾಯಿತು, ಯಾರ ಮನೆಯ ಬೀರು ತೇಲಿತು, ಯಾರ ಕೋಳಿ ಸಿಗಲಿಲ್ಲ ಎಂದು. ಅವನು ನಿಂತ ಜಾಗವನ್ನು ಮಾತ್ರ ಎಲ್ಲರೂ ಸುತ್ತಿಕೊಂಡು ಹೋಗುತ್ತಿದ್ದರು. ಅಕ್ಕ ಬಾಗಿಲಾಚೆ ಹಾಜರಿ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಅವನು ಹತ್ತಿರ ಹೋಗಿ, "ಅಕ್ಕ" ಅಂದ. ಅವಳು ತಿರುಗಲಿಲ್ಲ. "ನನ್ ಮಾತು ಒಸಿ ಕೇಳಕ್ಕ" ಅಂದ. "ಕೆಲ್ಸ ಅದೆ ಸಾ" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ; ಕಚೇರಿಯ ಮೆಟ್ಟಿಲಲ್ಲಿ ಅರ್ಜಿ ಹಿಡಿದು ನಿಲ್ಲುವ ನೂರಾರು ಹೆಂಗಸರ ದನಿ ಅದು, ದಿನವೂ ಕೇಳುವುದು.

ಒಂದು ಗಂಟೆಯ ಹೊತ್ತಿಗೆ ಮೇಲಿನ ಬೀದಿಯಿಂದ ಎರಡು ದೊಡ್ಡ ಪಾತ್ರೆಗಳಲ್ಲಿ ಅನ್ನ ಸಾರು ಬಂತು. ಸೋಮಶೇಖರನ ಮನೆಯದು. ವರಾಂಡದಲ್ಲಿ ಸಾಲಾಗಿ ಎಲೆ ಹಾಕಿದರು. ಸಿದ್ಧಾರ್ಥ ಹೋಗಿಬಿಡಬಹುದಿತ್ತು, ಇನ್ನೂ ಮೂರು ಹಳ್ಳಿ ನೋಡುವುದಿತ್ತು. ಆದರೆ ಈಗ ಹೋದರೆ ಮತ್ತೆ ಬರಲಾರೆ ಎಂದು ಅವನಿಗೆ ಗೊತ್ತಿತ್ತು. ಶೂ ಕಳಚಿದ, ಕೈ ತೊಳೆದ, ಸಾಲಿನ ಕೊನೆಯಲ್ಲಿ ಪುಟ್ಟಬಸವಯ್ಯನ ಪಕ್ಕದ ಖಾಲಿ ಎಲೆಯ ಮುಂದೆ ಕೂರಲು ಮೊಣಕಾಲು ಮಡಚಿದ. ಮುದುಕ ಗಾಬರಿಯಾಗಿ ಎಲೆಯನ್ನು ತನ್ನತ್ತ ಎಳೆದುಕೊಂಡ.

"ಅಯ್, ಇಲ್ಲೆಲ್ಲಾರಾ ಉಂಟಾ. ಸಾಯೇಬ್ರಿಗೆ ಒಂದ್ ಕುರ್ಚಿ ಕೊಡ್ರಪ್ಪ."

ಅಣಕವಾಗಿದ್ದರೆ ತಾಳಬಹುದಿತ್ತು. ಅದು ಶುದ್ಧ ಮರ್ಯಾದೆ. ಬೇಡ ತಾತ, ಬೇಡ ಎಂದು ಅವನು ಅನ್ನುತ್ತಿರುವಂತೆಯೇ ಯಾರೋ ಮುಖ್ಯೋಪಾಧ್ಯಾಯರ ಕೊಠಡಿಯಿಂದ ಕೈಗಳಿರುವ ಕುರ್ಚಿ ತಂದು ಗೋಡೆಯ ಪಕ್ಕ ಇಟ್ಟರು. ಎಲ್ಲರ ಕೈಗಳೂ ಎಲೆಯ ಮೇಲೆ ನಿಂತಿದ್ದವು. ಅವನು ಕೂರುವ ತನಕ ಯಾರೂ ಉಣ್ಣುವಂತಿರಲಿಲ್ಲ. ಮಕ್ಕಳು ಹಸಿದಿದ್ದವು. ಅವನು ಕೂತ. ಅಕ್ಕ ತಟ್ಟೆಯಲ್ಲಿ ಅನ್ನ ಹಾಕಿ, ಸಾರು ಬಿಟ್ಟು, ಎರಡೂ ಕೈಯಲ್ಲಿ ಹಿಡಿದು ತಂದು ಅವನ ಮುಂದೆ ಚಾಚಿದಳು. ಅವನು ಅವಳ ಕಣ್ಣಿಗಾಗಿ ಹುಡುಕಿದ. ಅವಳು ಸಾರು ಚೆಲ್ಲದಂತೆ ತಟ್ಟೆಯ ಅಂಚನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಸೋಮಶೇಖರ್ ಪಂಚೆ ಇಳಿಬಿಟ್ಟುಕೊಂಡು, ಊಟ ಎಲ್ಲರಿಗೂ ಸಾಲುತ್ತದೆಯೋ ಎಂದು ವಿಚಾರಿಸುತ್ತ ಬಂದ. ಅವನಿಗೂ ಒಂದು ಕುರ್ಚಿ ಬಂತು. ಪಕ್ಕದಲ್ಲೇ ಹಾಕಿದರು. ಕೆಳಗೆ ಸಾಲಿನುದ್ದಕ್ಕೂ ತಲೆಗಳು ಬಗ್ಗಿ ಉಣ್ಣುತ್ತಿದ್ದವು. ಕುರ್ಚಿಯ ಮೇಲಿಂದ ಬರೀ ನೆತ್ತಿಗಳು ಕಾಣುತ್ತಿದ್ದವು, ಯಾರದು ಯಾವುದೆಂದು ಗುರುತು ಹತ್ತುತ್ತಿರಲಿಲ್ಲ.

"ಪಾಪ ಸಾರ್, ಇವರಿಗೂ ಏನಾರ ಒಂದ್ ವ್ಯವಸ್ಥೆ ಆಗ್ಬೇಕು" ಅಂದ ಸೋಮಶೇಖರ್, ದನಿ ತಗ್ಗಿಸಿ, ತಮ್ಮಿಬ್ಬರ ನಡುವಿನ ಮಾತೆಂಬಂತೆ.

"ಆಗ್ಬೇಕು" ಅಂದ ಸಿದ್ಧಾರ್ಥ. ತುತ್ತು ಕಲಸಿದ.